ಆಟಗಾರನೇ ಕರ್ತೃ: ರೋಲ್‌ಪ್ಲೇಯಿಂಗ್ ಆಟ ನಡೆಸುವವರಿಗೆ ಒಂದು ಮಾರ್ಗದರ್ಶಿ

ಕಲಬುರಗಿಯಲ್ಲಿ ಮೇ ತಿಂಗಳ ಹಗಲು ಯಾವ ಆಟಕ್ಕೂ ಒದಗುವುದಿಲ್ಲ. ಹೀಗಾಗಿ ನಾವು ಐದು ಜನ ರಾತ್ರಿ ಎಂಟರ ಮೇಲೆ ಮಾಳಿಗೆಗೆ ನೀರು ಹೊಡೆದು, ಚಾಪೆ ಹಾಸಿಕೊಂಡು, ನಡುವೆ ಎರಡು ದಾಳಗಳನ್ನೂ ಕೈಯಲ್ಲಿ ಬರೆದ ಒಂದು ನಕ್ಷೆಯನ್ನೂ ಇಟ್ಟುಕೊಂಡು ಕೂರುತ್ತಿದ್ದೆವು. ಆಟ ನಡೆಸುವ ಹೊಣೆ ನನ್ನದಾಗಿತ್ತು. ಅದಕ್ಕಾಗಿ ಮೂರು ವಾರ ಕುಳಿತು ಕಥೆ ಬರೆದಿದ್ದೆ: ಪಾತ್ರಗಳು ಕೋಟೆಯ ಸೆರೆಮನೆ ಸೇರಬೇಕು, ಅಲ್ಲಿರುವ ಮುದುಕನಿಂದ ಒಂದು ಗುಟ್ಟು ತಿಳಿಯಬೇಕು, ಅನಂತರ ತಪ್ಪಿಸಿಕೊಳ್ಳಬೇಕು. ಆದರೆ ಆಟಗಾರರು ಸೆರೆ ಸಿಗಲಿಲ್ಲ. ಅವರು ಕಾವಲುಗಾರರನ್ನು ಮಾತಿನಿಂದ ಒಲಿಸಿಕೊಂಡಾಗ ನಾನು ಇನ್ನಷ್ಟು ಕಾವಲುಗಾರರನ್ನು ತಂದೆ. ಅವರು ಕಂದಕಕ್ಕೆ ಹಾರಿದಾಗ ಕಂದಕದ ಆಚೆ ದಡದಲ್ಲೂ ಕಾವಲಿದೆ ಎಂದೆ. ಆಗ ನಮ್ಮಲ್ಲೆಲ್ಲ ಕಿರಿಯಳಾದ ಹುಡುಗಿ ದಾಳವನ್ನು ಚಾಪೆಯ ಮೇಲಿಟ್ಟು, “ಅಣ್ಣಾ, ನಾವ್ ಏನ್ ಮಾಡಿದ್ರೂ ಅಲ್ಲೇ ಹೋಗ್ತೀವಂದ್ರ ದಾಳ ಯಾಕ್ ಒಗೀಬೇಕ್ರಿ?” ಎಂದು ಕೇಳಿದಳು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರದ ವರ್ಷಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಬೇರೆ ಬೇರೆ ಗೆಳೆಯರ ಜೊತೆ ಆಟ ನಡೆಸುತ್ತ ಕಲಿತದ್ದನ್ನು, ಈ ಭಾಗದಲ್ಲಿ ಹೊಸದಾಗಿ ಆಟ ನಡೆಸಲು ಹೊರಟಿರುವವರಿಗೆ ಒದಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಆಟದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಪ್ರಕಟವಾದಂದಿನಿಂದ ಬೆಳೆದು ಬಂದ ಈ ಬಗೆಯ ಆಟದಲ್ಲಿ ಒಬ್ಬರು ಗೇಮ್ ಮಾಸ್ಟರ್ ಆಗಿ ಲೋಕವನ್ನು ವರ್ಣಿಸುತ್ತಾರೆ, ಉಳಿದವರು ತಲೆಗೊಂದರಂತೆ ಪಾತ್ರ ವಹಿಸಿ ತಾವೇನು ಮಾಡುತ್ತೇವೆಂದು ಬಾಯಿಂದ ಹೇಳುತ್ತಾರೆ, ಫಲ ಖಚಿತವಿಲ್ಲದಲ್ಲಿ ದಾಳ ಹಾಕುತ್ತಾರೆ. ನಮ್ಮ ದೊಡ್ಡಾಟ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ರಂಗಕ್ಕೆ ಬಂದ ವೇಷವನ್ನು ಸಾರಥಿ ಮಾತನಾಡಿಸಿ, ನೀನು ಯಾರು, ಬಂದ ಕಾರಣವೇನು ಎಂದು ವಿಚಾರಿಸುವಂತೆ ಇಲ್ಲಿ ಗೇಮ್ ಮಾಸ್ಟರ್ ಆಟಗಾರನನ್ನು ವಿಚಾರಿಸುತ್ತಾನೆ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ದೊಡ್ಡಾಟದ ಪ್ರಸಂಗ ಎಲ್ಲಿಗೆ ಮುಟ್ಟುತ್ತದೆ ಎಂಬುದು ಸಾರಥಿಗೂ ನೋಡುವವರಿಗೂ ಮೊದಲೇ ತಿಳಿದಿರುತ್ತದೆ, ಈ ಆಟದಲ್ಲಿ ಅದು ಯಾರಿಗೂ ತಿಳಿದಿರಬಾರದು.

ಕರ್ತೃವೋ ಕರ್ಮವೋ

‘ಪ್ಲೇಯರ್ ಏಜೆನ್ಸಿ’ ಎಂದು ಈ ಆಟಗಳ ವಲಯದಲ್ಲಿ ಕರೆಯುವುದಕ್ಕೆ ನಾನು ಆಟಗಾರನ ಕರ್ತೃತ್ವ ಎಂಬ ಮಾತನ್ನು ಬಳಸುತ್ತೇನೆ. ಶಾಲೆಯ ವ್ಯಾಕರಣದ ಪಾಠವನ್ನು ನೆನಪಿಸಿಕೊಂಡರೆ ಈ ಮಾತು ಬರಿಯ ಹೆಸರಾಗಿ ಉಳಿಯದೆ ಒಂದು ಅಳತೆಗೋಲಾಗುತ್ತದೆ. “ಸುಲ್ತಾನನ ಸೈನಿಕರು ನಿಮ್ಮನ್ನು ಹಿಡಿದರು, ವಜೀರನ ಮುಂದೆ ನಿಲ್ಲಿಸಿದರು, ವಜೀರ ನಿಮಗೆ ಒಂದು ಕೆಲಸ ಒಪ್ಪಿಸಿದ” ಎಂದು ನೀವು ಆಟ ಆರಂಭಿಸಿದರೆ ಮೂರು ವಾಕ್ಯಗಳಲ್ಲಿ ಒಂದರಲ್ಲೂ ಆಟಗಾರ ಕರ್ತೃವಲ್ಲ. ಎಲ್ಲ ಕ್ರಿಯೆಗಳೂ ಅವನ ಮೇಲೆ ನಡೆದು ಹೋಗಿವೆ. ಒಂದು ಸಂಜೆಯ ಆಟವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಮರುದಿನ ಕೇಳಿ, ನಿಮ್ಮ ವಾಕ್ಯಗಳಲ್ಲಿ ಆಟಗಾರರು ಎಷ್ಟು ಸಲ ಕರ್ತೃಗಳಾಗಿದ್ದಾರೆ, ಎಷ್ಟು ಸಲ ‘ನಿಮ್ಮನ್ನು’ ಎಂಬ ದ್ವಿತೀಯಾ ವಿಭಕ್ತಿಯಲ್ಲಿ ಕುಳಿತಿದ್ದಾರೆ ಎಂದು ಎಣಿಸಿ ನೋಡಿ. ನಾನು ಎಣಿಸಿದ ದಿನ ನಾಚಿಕೆಯಾಯಿತು, ಅಂದಿನಿಂದಲೇ ನನ್ನ ಆಟ ತಿದ್ದಿಕೊಳ್ಳಲು ಆರಂಭವಾಯಿತು.

ಇನ್ನೂ ಸೂಕ್ಷ್ಮವಾದದ್ದು ಚತುರ್ಥೀ ವಿಭಕ್ತಿ. ಕನ್ನಡದಲ್ಲಿ ಕಾಣುವುದು, ಕೇಳಿಸುವುದು, ಸಿಟ್ಟು ಬರುವುದು, ಹೆದರಿಕೆಯಾಗುವುದು ಎಲ್ಲವೂ ‘ನಿನಗೆ’ ಎಂಬ ಒಂದೇ ರೂಪದಲ್ಲಿ ಬರುತ್ತವೆ, ಮತ್ತು ಈ ಹೋಲಿಕೆಯೇ ಆಟ ನಡೆಸುವವರನ್ನು ಜಾರಿಸುತ್ತದೆ. “ನಿನಗೆ ಬಾವಿಯೊಳಗಿಂದ ಕಲ್ಲು ಕುಟ್ಟುವ ಸದ್ದು ಕೇಳಿಸುತ್ತದೆ” ಎಂದು ಹೇಳುವುದು ನಿಮ್ಮ ಕೆಲಸ, ಏಕೆಂದರೆ ಲೋಕದಲ್ಲಿ ಏನಿದೆ ಎಂಬುದನ್ನು ನೀವಲ್ಲದೆ ಬೇರೆ ಯಾರೂ ಹೇಳಲಾರರು. “ನಿನಗೆ ಆ ಮುದುಕನ ಮೇಲೆ ಕನಿಕರ ಬರುತ್ತದೆ” ಎಂದು ಹೇಳುವುದು ನಿಮ್ಮ ಕೆಲಸವಲ್ಲ, ಏಕೆಂದರೆ ಆ ಮನಸ್ಸು ಆಟಗಾರನದು. ಮುದುಕನ ಕೈ ನಡುಗುತ್ತಿದೆ, ಅವನು ರೊಟ್ಟಿಯ ಅರ್ಧವನ್ನು ಯಾರಿಗೋ ಎತ್ತಿಡುತ್ತಿದ್ದಾನೆ ಎಂದು ಹೇಳಿ ನಿಲ್ಲಿಸಿ. ಕನಿಕರವೋ ಅನುಮಾನವೋ ಆಟಗಾರ ಹೇಳಲಿ. ಇಂದ್ರಿಯಕ್ಕೆ ಸಿಗುವುದು ನಿಮ್ಮದು, ಮನಸ್ಸಿನಲ್ಲಿ ಏಳುವುದು ಅವರದು ಎಂಬ ಈ ಗೆರೆಯನ್ನು ಕಾಪಾಡಿಕೊಂಡರೆ ಕರ್ತೃತ್ವದ ಅರ್ಧ ಕೆಲಸ ಮುಗಿಯಿತೆಂದೇ ನನ್ನ ನಂಬಿಕೆ.

ಉಳಿದ ಅರ್ಧಕ್ಕೆ ಮೂರು ಸಂಗತಿಗಳು ಬೇಕು. ಆಯ್ಕೆ ಮಾಡುವ ಮೊದಲು ಆಟಗಾರನಿಗೆ ಸಾಕಷ್ಟು ತಿಳಿದಿರಬೇಕು. ನೀವು ಊಹಿಸದ ದಾರಿಯನ್ನೂ ಹಿಡಿಯುವ ಸ್ವಾತಂತ್ರ್ಯ ಇರಬೇಕು. ಹಿಡಿದ ಮೇಲೆ ಲೋಕ ಅದಕ್ಕೆ ತಕ್ಕಂತೆ ನಿಜವಾಗಿ ಬದಲಾಗಬೇಕು. ಆಟಗಾರ ಬಯಸಿದ್ದೆಲ್ಲ ನಡೆಯಬೇಕೆಂಬುದು ಇದರ ಅರ್ಥವಲ್ಲ. ತಿಳಿದೂ ತಿಳಿದೂ ಮಳೆಗಾಲದ ಭೀಮೆಗೆ ಇಳಿದ ಪಾತ್ರ ಕೊಚ್ಚಿಹೋದರೆ ಅಲ್ಲಿ ಕರ್ತೃತ್ವಕ್ಕೆ ಕೊರತೆಯಾಗಿಲ್ಲ. ಪ್ರವಾಹದ ಸುದ್ದಿಯನ್ನೇ ಹೇಳದೆ ಅವನನ್ನು ನೀರಿಗಿಳಿಸಿ ಕೊಂದಿದ್ದರೆ, ಅಥವಾ ಅವನು ಇಳಿದ ಮೇಲೆ ನಿಮ್ಮ ಮುಂದಿನ ದೃಶ್ಯಕ್ಕೆ ಅವನು ಬೇಕೆಂದು ಅಂಬಿಗನನ್ನು ಕಳುಹಿಸಿ ಎತ್ತಿಸಿದ್ದರೆ, ಎರಡೂ ಕಡೆ ಕೊರತೆಯಾಗಿದೆ.

ಸಿದ್ಧತೆ: ನೌಬಾದದ ಸುರಂಗ ಬಾವಿ

ಕಥೆ ಬರೆಯುವುದನ್ನು ಬಿಟ್ಟು ಸನ್ನಿವೇಶವನ್ನು ಸಿದ್ಧಪಡಿಸಬೇಕು ಎಂಬ ಮಾತನ್ನು ಅನುಭವಿಗಳು ಹೇಳುತ್ತಾರೆ. ಹೇಗೆ ಎಂಬುದನ್ನು ಒಂದು ಉದಾಹರಣೆ ಹಿಡಿದೇ ಹೇಳಬೇಕು. ಬೀದರಿನ ಅಂಚಿನ ನೌಬಾದದಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿ ಇದೆ. ಪರ್ಷಿಯಾದ ಕರೇಜ್ ಪದ್ಧತಿಯಂತೆ ಜಂಬಿಟ್ಟಿಗೆ ಕಲ್ಲನ್ನು ಕೊರೆದು, ನೆಲದಡಿಯ ನೀರು ಇಳಿಜಾರಿನಲ್ಲಿ ತಾನಾಗಿ ಹರಿದುಬರುವಂತೆ ಮಾಡಿದ ಕಾಲುವೆ ಅದು. ಅದರ ಉದ್ದಕ್ಕೂ ಗಾಳಿ ಬೆಳಕಿಗೆ, ಹೂಳು ತೆಗೆಯುವುದಕ್ಕೆ, ನೀರು ಸೇದುವುದಕ್ಕೆ ಬಾವಿಯಂಥ ಬಾಯಿಗಳಿವೆ. ಆಟ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ಒಂದೇ ಬಾಗಿಲಿನ ಗುಹೆಯಲ್ಲಿ ಆಟಗಾರ ಒಳಗೆ ಹೋಗಬೇಕೋ ಬೇಡವೋ ಎಂದಷ್ಟೇ ನಿರ್ಧರಿಸಬಹುದು. ಇಲ್ಲಿ ಎಲ್ಲಿಂದ ಇಳಿಯಬೇಕು, ಎಲ್ಲಿ ಹೊರಬೀಳಬೇಕು, ಯಾರಿಗೆ ಕಾಣದಂತೆ ಹೋಗಬೇಕು ಎಂಬುದೆಲ್ಲ ಅವನ ಕೈಯಲ್ಲೇ ಉಳಿಯುತ್ತದೆ.

ನಾನು ಕಟ್ಟಿದ ಸನ್ನಿವೇಶ ಕಲ್ಪನೆಯದು. ಕಾಲ 1470ರ ದಶಕ. ಬಹಮನಿ ಸುಲ್ತಾನನ ವಜೀರ ಮಹಮೂದ್ ಗವಾನನ ಮದರಸಾ ಎದ್ದುನಿಂತು ಹೆಚ್ಚು ದಿನ ಆಗಿಲ್ಲ. ಸುರಂಗದ ನೀರು ಒಂದು ದಿನ ನಿಂತುಹೋಗಿದೆ. ನಿಂತ ಕಾರಣ ನನಗೆ ಗೊತ್ತು: ಬಿದರಿ ಕೆಲಸದ ಒಬ್ಬ ಕುಶಲಕರ್ಮಿ ರಾತ್ರಿ ಹೊತ್ತು ಒಳಗಿಳಿದು ಮಣ್ಣು ಅಗೆದಿದ್ದಾನೆ. ಬಿದರಿ ಪಾತ್ರೆಯ ಸತು ತಾಮ್ರದ ಮೈಗೆ ಕಪ್ಪು ಬಣ್ಣ ಬರುವುದು ಬೀದರಿನ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದಾಗ. ಬಿಸಿಲು ಮಳೆ ಕಾಣದ ಮಣ್ಣೇ ಅದಕ್ಕೆ ಆಗಬೇಕೆನ್ನುತ್ತಾರೆ. ಸುರಂಗದ ಪಕ್ಕದ ಮಣ್ಣು ಇನ್ನೂ ಉತ್ತಮವಿದ್ದೀತೆಂದು ಅವನು ತೋಡಿದ, ಮಾಡು ಕುಸಿಯಿತು, ಹೆದರಿ ಬಾಯಿ ಮುಚ್ಚಿಕೊಂಡಿದ್ದಾನೆ. ಕುಸಿದಲ್ಲಿ ತಡೆದ ನೀರು ಮೇಲ್ಭಾಗದ ಒಂದು ಬಾಯಿಯಲ್ಲಿ ಏರಿ ನಿಂತಿದೆ, ಆ ಹೊಲದ ರೈತರು ತಲೆಮಾರುಗಳಲ್ಲಿ ಮೊದಲ ಸಲ ನೀರಾವರಿ ಜೋಳ ಬಿತ್ತಿದ್ದಾರೆ. ಊರೊಳಗೆ ಎತ್ತಿನ ಮೇಲೆ ಚರ್ಮದ ಚೀಲದಲ್ಲಿ ನೀರು ಹೊತ್ತು ಮಾರುವವರಿಗೆ ಈ ಬರ ಮುಗಿಯುವುದು ಬೇಕಿಲ್ಲ. ಕೋಟೆಯ ಅಧಿಕಾರಿಗೆ ವಜೀರನ ಮುಂದೆ ನಿಲ್ಲಿಸಲು ಒಬ್ಬ ಅಪರಾಧಿ ಬೇಕು, ಅಪರಾಧ ಮಾಡಿದವನೇ ಆಗಬೇಕೆಂಬ ಹಟ ಅವನಿಗಿಲ್ಲ.

ಇಷ್ಟಕ್ಕೆ ನಿಲ್ಲಿಸಿದೆ. ಆಟಗಾರರು ಏನು ಮಾಡಬೇಕು ಎಂಬುದರ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಸನ್ನಿವೇಶದಲ್ಲಿರುವ ಪ್ರತಿಯೊಬ್ಬನಿಗೂ ಏನು ಬೇಕು, ಅದಕ್ಕಾಗಿ ಅವನು ಎಲ್ಲಿಯವರೆಗೆ ಹೋದಾನು, ಅವನಿಗೆ ಗೊತ್ತಿರುವುದೇನು ಎಂಬ ಮೂರು ವಾಕ್ಯ ಬರೆದುಕೊಂಡರೆ ಆಟಗಾರರು ಯಾವ ಮೂಲೆಯಿಂದ ಬಂದರೂ ಆ ವ್ಯಕ್ತಿ ಹೇಗೆ ನಡೆದುಕೊಳ್ಳುತ್ತಾನೆಂದು ತಡವರಿಸದೆ ಹೇಳಬಹುದು. ಇದೇ ಸನ್ನಿವೇಶವನ್ನು ಮೂರು ಊರುಗಳಲ್ಲಿ ಆಡಿಸಿದ್ದೇನೆ. ಬೀದರಿನವರು ಕುಶಲಕರ್ಮಿಯನ್ನು ಪತ್ತೆಹಚ್ಚಿ, ಅಧಿಕಾರಿಗೆ ಒಪ್ಪಿಸದೆ ಊರು ದಾಟಿಸಿದರು. ಯಾದಗಿರಿಯ ಗುಂಪು ನೀರು ಮಾರುವವರ ಜೊತೆ ಸೇರಿ ಹಣ ಮಾಡಿಕೊಳ್ಳಲು ಹೋಗಿ, ಬಾವಿಕಟ್ಟೆಯ ಜಗಳದಲ್ಲಿ ತಮ್ಮವನೊಬ್ಬನನ್ನು ಕಳೆದುಕೊಂಡಿತು. ಕಲಬುರಗಿಯ ಗುಂಪಿನಲ್ಲಿ ಸುರಂಗ ತೋಡುವವನ ಪಾತ್ರ ವಹಿಸಿದ್ದವರು ಕುಸಿದ ಜಾಗದಲ್ಲೇ ಪಕ್ಕಕ್ಕೊಂದು ಕಿರುಗಾಲುವೆ ಕೊರೆದು, ನೀರಿನ ಒಂದು ಪಾಲನ್ನು ಹೊಲಕ್ಕೂ ಉಳಿದದ್ದನ್ನು ಊರಿಗೂ ಹಂಚುವ ಉಪಾಯ ಹೂಡಿದರು. ಕಲ್ಲಿನ ಗುಣ ಬಲ್ಲ ಕುಶಲಕರ್ಮಿಯನ್ನೇ ಆ ಕೆಲಸಕ್ಕೆ ಹಚ್ಚಿದರು. ಈ ಉಪಾಯ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಕಥೆ ಬರೆದಿಟ್ಟುಕೊಂಡಿದ್ದರೆ ಅದನ್ನು ತಳ್ಳಿಹಾಕುತ್ತಿದ್ದೆನೇನೋ ಎಂಬ ಯೋಚನೆ ಇಂದಿಗೂ ನನ್ನನ್ನು ಎಚ್ಚರದಲ್ಲಿಡುತ್ತದೆ.

ಆಟಗಾರರು ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು. ನಾನು ಚೌಕಾಬಾರದ ಪಟದಂತೆ ಆರು ಮನೆಗಳನ್ನು ಗೀಚಿ, ಒಂದೊಂದರಲ್ಲಿ ಒಂದೊಂದು ಸಂಗತಿ ಬರೆಯುತ್ತೇನೆ: ಬಾವಿಗಳ ಮಟ್ಟ ಇಳಿಯುತ್ತದೆ, ನೀರಿನ ಬೆಲೆ ಏರುತ್ತದೆ, ಬಾವಿಕಟ್ಟೆಯಲ್ಲಿ ಜಗಳವಾಗುತ್ತದೆ, ತಪ್ಪು ಮಾಡದ ಒಬ್ಬ ಸೆರೆಯಾಗುತ್ತಾನೆ, ಸುರಂಗ ಇನ್ನೊಂದು ಕಡೆ ಕುಸಿಯುತ್ತದೆ, ಒಂದು ಕೇರಿಯ ಜನ ಊರು ಬಿಡುತ್ತಾರೆ. ಆಟದೊಳಗೆ ಒಂದು ದಿನ ಕಳೆದಾಗ, ಅಥವಾ ದಾಳ ಕೈಕೊಟ್ಟಾಗ, ಒಂದು ಮನೆ ತುಂಬುತ್ತದೆ. ಈ ಪಟವನ್ನು ಆಟಗಾರರ ಕಣ್ಣಿಗೆ ಕಾಣುವಂತೆ ಇಡಿ. ತಡ ಮಾಡಿದರೆ ಏನೋ ಕೈಜಾರುತ್ತದೆ ಎಂದು ತಿಳಿದಿದ್ದಾಗಲೇ, ಇವತ್ತು ಎಲ್ಲಿಗೆ ಹೋಗೋಣ ಎಂಬ ಮಾತಿಗೆ ತೂಕ ಬರುತ್ತದೆ.

ತಿಳಿಯದೆ ಮಾಡಿದ್ದು ಆಯ್ಕೆಯಲ್ಲ

“ಎರಡು ದಾರಿ ಅವ, ಎಡಕ್ಕ ಹೋಗ್ತೀರೇನು, ಬಲಕ್ಕ ಹೋಗ್ತೀರೇನು?” ಎಂದು ಕೇಳಿ, ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟೆನೆಂದು ತೃಪ್ತರಾಗುವವರು ಬಹಳ ಜನ. ಎರಡೂ ದಾರಿಗಳ ಬಗ್ಗೆ ಏನೂ ತಿಳಿಯದಿದ್ದಾಗ ಎಡ ಬಲ ಎನ್ನುವುದು ನಾಣ್ಯ ಚಿಮ್ಮಿದಂತೆ. ಅಲ್ಲಿ ಬುದ್ಧಿಗೆ ಕೆಲಸವಿಲ್ಲ. ಸುರಂಗದ ನಾಲ್ಕು ಬಾಯಿಗಳನ್ನು ನಾನು ಹೀಗೆ ವರ್ಣಿಸುತ್ತೇನೆ. ಹೊಲದಲ್ಲಿರುವ ಬಾಯಿಯಲ್ಲಿ ನೀರು ಕೈಗೆಟಕುವಷ್ಟು ಮೇಲೆ ನಿಂತಿದೆ, ಸುತ್ತ ಎತ್ತಿನ ಗೊರಸಿನ ಗುರುತುಗಳಿವೆ. ಎರಡನೆಯದು ಅರ್ಧ ಕಲ್ಲುಮಣ್ಣಿನಿಂದ ತುಂಬಿದೆ, ಅಂಚಿನ ಕಲ್ಲಿನ ಮೇಲೆ ದೀಪದ ಕಾಡಿಗೆ ಅಂಟಿದೆ. ಮೂರನೆಯದು ಒಣಗಿದೆ, ಆದರೆ ಬಗ್ಗಿ ನೋಡಿದವರ ಮುಖಕ್ಕೆ ತಣ್ಣನೆಯ ಗಾಳಿ ಬಡಿಯುತ್ತದೆ. ನಾಲ್ಕನೆಯದಕ್ಕೆ ಕೋಟೆಯ ಕಾವಲಿದೆ, ಕಾವಲುಗಾರ ನೀರಿಲ್ಲದೆ ಬಸವಳಿದಿದ್ದಾನೆ. ಇಷ್ಟು ಹೇಳಿದ ಮೇಲೆ ಗುಂಪಿನಲ್ಲಿ ಚರ್ಚೆ ಹುಟ್ಟುತ್ತದೆ: ಗಾಳಿ ಬರುತ್ತಿದೆಯೆಂದರೆ ಒಳಗೆ ದಾರಿ ತೆರೆದಿದೆ, ಕಾಡಿಗೆ ಇದೆಯೆಂದರೆ ಯಾರೋ ರಾತ್ರಿ ಇಳಿದಿದ್ದಾರೆ, ಕಾವಲುಗಾರನಿಗೆ ಒಂದು ತಂಬಿಗೆ ನೀರು ಕೊಟ್ಟರೆ ಬಾಯಿ ಬಿಟ್ಟಾನು. ಆ ಚರ್ಚೆಯ ನಡುವೆ ನೀವು ಬಾಯಿ ಹಾಕಬೇಡಿ. ಅದೇ ಆಟ.

ಸುಳಿವುಗಳ ವಿಷಯದಲ್ಲಿ ಜಿಪುಣತನ ಸಲ್ಲದು. ಆಟ ಮುಂದುವರಿಯಲು ತಿಳಿಯಲೇಬೇಕಾದ ಸಂಗತಿಯೊಂದಕ್ಕೆ ಕನಿಷ್ಠ ಮೂರು ಸುಳಿವುಗಳನ್ನು ಮೂರು ಬೇರೆ ಜಾಗಗಳಲ್ಲಿ ಇಡಬೇಕೆಂಬ ಲೆಕ್ಕ ಈ ಆಟ ನಡೆಸುವವರಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಒಂದೇ ಸುಳಿವಿದ್ದರೆ, ಆಟಗಾರರು ಅದನ್ನು ತಪ್ಪಿಸಿಕೊಂಡಾಗ ನೀವು ಅವರನ್ನು ಕೈಹಿಡಿದು ಅಲ್ಲಿಗೆ ಎಳೆಯಲೇಬೇಕಾಗುತ್ತದೆ. ಎಳೆದಾಟದ ಮೂಲ ಬಹಳ ಸಲ ಕೆಟ್ಟ ಉದ್ದೇಶವಲ್ಲ, ಕಡಿಮೆ ಸಿದ್ಧತೆ. ಕುಶಲಕರ್ಮಿಯ ಹೊಸ್ತಿಲ ಮೇಲಿನ ಹಸಿ ಮಣ್ಣು, ಸುರಂಗದಲ್ಲಿ ಬಿದ್ದಿರುವ ಅವನ ಚಾಣ, ಅವನ ಹೆಂಡತಿ ನೆರೆಯವಳ ಮುಂದೆ ಆಡಿದ ಒಂದು ಮಾತು — ಇವುಗಳಲ್ಲಿ ಯಾವುದು ಸಿಕ್ಕಿದರೂ ಅವನ ಮನೆಯ ದಾರಿ ತೆರೆಯುತ್ತದೆ.

ಇಲ್ಲಿ ಒಂದು ವಿವಾದದ ವಿಷಯ ಹೇಳಬೇಕು. ಪಾತ್ರಗಳು ಕಲಬುರಗಿಯಿಂದ ಬೀದರಿಗೆ ಹೊರಟಿವೆ ಎಂದುಕೊಳ್ಳಿ. ಹುಮನಾಬಾದದ ದಾರಿಯಲ್ಲಿ ಸಂತೆಗೆ ಹೋಗುವ ಜನರಿರುತ್ತಾರೆ, ಚಿಂಚೋಳಿಯ ಕಡೆಯಿಂದ ಸುತ್ತಿದರೆ ಕಾಡು ಸಿಗುತ್ತದೆ. ಅವರು ಯೋಚಿಸಿ, ದರೋಡೆಕೋರರಿಗೆ ಹೆದರಿ, ಜನನಿಬಿಡವಾದ ಹುಮನಾಬಾದದ ದಾರಿ ಹಿಡಿದರು. ನೀವು ಮಾತ್ರ ದರೋಡೆಯ ದೃಶ್ಯವನ್ನು ಕಷ್ಟಪಟ್ಟು ಸಿದ್ಧಪಡಿಸಿದ್ದೀರಿ. ಯಾವ ದಾರಿ ಹಿಡಿದರೂ ಅಲ್ಲೇ ದರೋಡೆಕೋರರನ್ನು ನಿಲ್ಲಿಸಿದರೆ ಆಟಗಾರರಿಗೆ ಹೇಗೂ ಗೊತ್ತಾಗುವುದಿಲ್ಲವಲ್ಲ ಎಂದು ಹಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಸಲ ಗೊತ್ತಾಗದಿರಬಹುದು, ಆದರೆ ಹತ್ತು ಆಟಗಳಲ್ಲಿ ತಮ್ಮ ಎಚ್ಚರಿಕೆಯಿಂದ ಒಮ್ಮೆಯೂ ಏನೂ ತಪ್ಪಲಿಲ್ಲ ಎಂಬುದನ್ನು ಆಟಗಾರರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾರೆ, ಮತ್ತು ಎಚ್ಚರಿಕೆಯಿಂದ ಯೋಚಿಸುವುದನ್ನೇ ನಿಲ್ಲಿಸುತ್ತಾರೆ. ಅವರು ದಾರಿಯ ಬಗ್ಗೆ ಏನೂ ವಿಚಾರಿಸದೆ ಹೊರಟಿದ್ದರೆ ಎದುರಾಗುವುದನ್ನು ನೀವು ಎಲ್ಲಿ ಬೇಕಾದರೂ ಇಡಿ, ತಕರಾರಿಲ್ಲ. ವಿಚಾರಿಸಿ, ತೂಗಿ, ಒಂದನ್ನು ಬಿಟ್ಟಿದ್ದರೆ, ಬಿಟ್ಟದ್ದು ಬಿಟ್ಟಂತೆಯೇ ಇರಬೇಕು. ಸಿದ್ಧಪಡಿಸಿದ ದೃಶ್ಯ ವ್ಯರ್ಥವಾಯಿತೆಂಬ ಸಂಕಟ ನನಗೂ ಗೊತ್ತು. ಹಾಳೆಯನ್ನು ಮಡಚಿ ಚೀಲದಲ್ಲಿಡಿ, ಇನ್ನೊಂದು ವರ್ಷ ಇನ್ನೊಂದು ದಾರಿಗೆ ಬಂದೀತು.

ದಾಳ ಹಾಕುವ ಮುನ್ನ

ಇಂಥ ಹಲವು ಆಟಗಳಲ್ಲಿ ಬಳಸುವ ಇಪ್ಪತ್ತು ಮುಖದ ದಾಳ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದು ವಿರಳ. ಲೂಡೋ ಡಬ್ಬಿಯ ಆರು ಮುಖದ ಎರಡು ದಾಳ ಸಾಕು. 2010ರಿಂದೀಚೆಗೆ ಹಲವು ಆಟಗಳಲ್ಲಿ ಬಳಕೆಯಾಗುತ್ತಿರುವ ಒಂದು ಪದ್ಧತಿಯಲ್ಲಿ ಎರಡು ದಾಳಗಳ ಮೊತ್ತ 10 ಅಥವಾ ಹೆಚ್ಚಾದರೆ ಬಯಸಿದ್ದು ದಕ್ಕುತ್ತದೆ, 7ರಿಂದ 9 ಆದರೆ ದಕ್ಕುತ್ತದೆ ಆದರೆ ಏನಾದರೂ ತೆರಬೇಕಾಗುತ್ತದೆ, 6 ಅಥವಾ ಕಡಿಮೆಯಾದರೆ ಪರಿಸ್ಥಿತಿ ಕೆಡುತ್ತದೆ. ಎರಡು ದಾಳ ಬೀಳುವ 36 ಬಗೆಗಳಲ್ಲಿ ಮೊದಲನೆಯದಕ್ಕೆ 6, ನಡುವಿನದಕ್ಕೆ 15, ಕೊನೆಯದಕ್ಕೆ 15 ಒದಗುತ್ತವೆ. ಪಾತ್ರಕ್ಕೆ ಆ ಕೆಲಸದಲ್ಲಿ ಪಳಗಿದ ಕೈ ಇದೆಯೆಂದು ಮೊತ್ತಕ್ಕೆ 1 ಸೇರಿಸಿದರೆ ಇವು 10, 16, 10 ಆಗುತ್ತವೆ. ಅಂದರೆ ಕೆಡುವ ಸಾಧ್ಯತೆ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಈ ಲೆಕ್ಕವನ್ನು ಆಟಗಾರರಿಗೆ ಮೊದಲ ದಿನವೇ ಬರೆದುಕೊಡಿ. ಅಪಾಯವೆಷ್ಟು ಎಂದು ತಿಳಿದು ಎಸೆದ ದಾಳವೇ ಅವನ ಆಯ್ಕೆಯ ದಾಳ.

ಎಸೆಯುವ ಮೊದಲು ಎರಡು ಮಾತು ಆಗಲೇಬೇಕು. ಆಟಗಾರ ಏನು ಮಾಡುತ್ತಿದ್ದಾನೆ ಎಂಬುದರ ಜೊತೆಗೆ ಅದರಿಂದ ಅವನಿಗೆ ಏನು ಬೇಕು ಎಂದು ಕೇಳಿ, ಏಕೆಂದರೆ ಕಾವಲುಗಾರನ ಜೊತೆ ಮಾತಿಗಿಳಿಯುವವನಿಗೆ ಒಳಗೆ ಹೋಗುವುದು ಬೇಕಿರಬಹುದು ಅಥವಾ ಗೆಳೆಯರು ಹಿಂದಿನಿಂದ ನುಸುಳುವವರೆಗೆ ಹೊತ್ತು ಕಳೆಯುವುದಷ್ಟೇ ಬೇಕಿರಬಹುದು. ಎರಡಕ್ಕೂ ಫಲ ಬೇರೆ. ಅನಂತರ ಕೆಟ್ಟರೆ ಏನಾಗುತ್ತದೆ ಎಂಬುದನ್ನು ನೀವು ಹೇಳಿ. “ಇದು ಕೆಟ್ಟರೆ ಸದ್ದು ಮೇಲಿನವರಿಗೆ ಕೇಳ್ತದ, ಹಗ್ಗ ಎಳಕೋತಾರ. ಆದ್ರೂ ಇಳೀತೀರೇನು?” ಎಂದು ಕೇಳಿದಾಗ ಆಟಗಾರ ಹಿಂದೆ ಸರಿಯಬಹುದು, ಬೇರೆ ಉಪಾಯ ಹೂಡಬಹುದು, ಅಥವಾ ಆಗಲಿ ಎಂದು ಎಸೆಯಬಹುದು. ಎಸೆದ ಮೇಲೆ ಬಿದ್ದದ್ದು ಬಿದ್ದದ್ದೇ. ದಾಳವನ್ನು ರಟ್ಟಿನ ಮರೆಯಲ್ಲಿ ಹಾಕಿ, ಕಥೆ ಚೆನ್ನಾಗಿ ಸಾಗಲೆಂದು ಸಂಖ್ಯೆ ಬದಲಿಸಿ ಹೇಳುವ ರೂಢಿ ಹಲವು ಕಡೆ ಇದೆ, ಅದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಶಕುನಿಯ ದಾಳದ ಕಥೆ ಕೇಳದವರು ನಮ್ಮಲ್ಲಿಲ್ಲ. ದಾಳ ಒಬ್ಬನ ಮಾತು ಕೇಳುತ್ತದೆ ಎಂದಾದರೆ, ಆ ಒಬ್ಬನು ಎಷ್ಟೇ ಒಳ್ಳೆಯವನಿರಲಿ, ಎದುರಿಗೆ ಕುಳಿತವರು ಪಣ ಇಟ್ಟದ್ದಕ್ಕೆ ಅರ್ಥವಿಲ್ಲ. ಫಲ ಏನಾದರೂ ಆಗಲಿ ಎಂದು ಒಪ್ಪಲು ನೀವು ಸಿದ್ಧರಿಲ್ಲದಿದ್ದರೆ ದಾಳವನ್ನೇ ಹಾಕಿಸಬೇಡಿ. ಆಗುತ್ತದೆ ಎಂದು ಹೇಳಿ ಮುಂದೆ ಹೋಗಿ.

ಕೆಟ್ಟ ದಾಳ ಬಿದ್ದಾಗ “ಆಗಲಿಲ್ಲ” ಎಂದಷ್ಟೇ ಹೇಳಿ ನಿಲ್ಲಿಸಿದರೆ ಆಟ ಮೊದಲಿದ್ದಲ್ಲೇ ನಿಲ್ಲುತ್ತದೆ, ಮುಂದಿನವನು ಅದೇ ಬಾಗಿಲಿಗೆ ಅದೇ ದಾಳ ಎಸೆಯುತ್ತಾನೆ. ಬಾಗಿಲು ತೆರೆಯದಿದ್ದರೆ ಒಳಗಿದ್ದವನು ಎಚ್ಚರವಾಗಲಿ, ಅಥವಾ ಬಾಗಿಲು ತೆರೆಯಲಿ ಆದರೆ ಚಾಣ ಮುರಿಯಲಿ. ಯಾವ ದಾಳ ಬಿದ್ದರೂ ಲೋಕ ಒಂದು ಹೆಜ್ಜೆ ಅತ್ತ ಇತ್ತ ಸರಿದಿರಬೇಕು.

ಹಿರಿಯರು, ಕಿರಿಯರು, ಸುಮ್ಮನಿರುವವರು

ಕರ್ತೃತ್ವವನ್ನು ಗೇಮ್ ಮಾಸ್ಟರ್ ಒಬ್ಬನೇ ಕಸಿಯುತ್ತಾನೆಂದು ತಿಳಿಯಬಾರದು. ನಮ್ಮ ಕಡೆಯ ಕೂಟಗಳಲ್ಲಿ ವಯಸ್ಸು, ಸಂಬಂಧ, ಮಾತಿನ ಬಲ ಇವು ಆಟದೊಳಗೂ ಬಂದು ಕೂರುತ್ತವೆ. ಅಣ್ಣನ ವಯಸ್ಸಿನವರು ಒಂದು ಮಾತು ಹೇಳಿದರೆ ಕಿರಿಯರು “ಹೌದ್ರಿ ಅಣ್ಣಾ, ನೀವ್ ಹೇಳಿದ್ದೇ ಆಗ್ಲಿ” ಎಂದು ಬಿಟ್ಟುಬಿಡುತ್ತಾರೆ; ಅದು ಮರ್ಯಾದೆ, ಅದರಲ್ಲಿ ತಪ್ಪೇನಿಲ್ಲ, ಆದರೆ ಆಟದಲ್ಲಿ ಅವರ ಪಾತ್ರ ಮೂಕವಾಗುತ್ತದೆ. ಇದಕ್ಕೆ ನನಗೆ ಫಲ ಕೊಟ್ಟ ಉಪಾಯ, ಆಟ ನಡೆಯುವಾಗ ಎಲ್ಲರನ್ನೂ ಪಾತ್ರದ ಹೆಸರಿನಿಂದ ಮಾತ್ರ ಕರೆಯುವುದು, ಮತ್ತು ನಿರ್ಧಾರದ ಹೊತ್ತಿನಲ್ಲಿ ಎಲ್ಲರಿಗಿಂತ ಕಿರಿಯರಿಂದ ಕೇಳಲು ಆರಂಭಿಸುವುದು. ಹಿರಿಯರು ಮೊದಲು ಮಾತನಾಡಿದ ಮೇಲೆ ಬೇರೆ ಅಭಿಪ್ರಾಯ ಹೇಳುವುದು ನಮ್ಮಲ್ಲಿ ಎದುರುಮಾತಾಗುತ್ತದೆ. ಕಿರಿಯರು ಮೊದಲು ಹೇಳಿದ್ದನ್ನು ಹಿರಿಯರು ತಿದ್ದಿದರೆ ಅದು ಸಹಜ ಮಾತುಕತೆಯಾಗುತ್ತದೆ.

ಸುಮ್ಮನಿರುವವರನ್ನು “ನೀನೇನ್ ಮಾಡ್ತಿ?” ಎಂದು ಎಲ್ಲರ ಮುಂದೆ ಥಟ್ಟನೆ ಕೇಳಿದರೆ ಅವರು ಇನ್ನಷ್ಟು ಕುಗ್ಗುತ್ತಾರೆ. ಅವರ ಪಾತ್ರಕ್ಕಷ್ಟೇ ಕಾಣುವ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದುಕೊಡಿ. ಕಾವಲುಗಾರನ ಸೊಂಟದಲ್ಲಿ ಬಿದರಿ ಕೆಲಸದ ಹೊಸ ಡಬ್ಬಿ ಇರುವುದು ಅವರಿಗೆ ಮಾತ್ರ ಕಂಡಿದ್ದರೆ, ಹೇಳಬೇಕೋ ಬೇಡವೋ ಎಂಬ ಆಯ್ಕೆ ಅವರ ಕೈಗೆ ಬಂತು; ಹೇಳಿದ ಕ್ಷಣ ಗುಂಪು ಅವರ ಕಡೆ ತಿರುಗುತ್ತದೆ. ಭಾಷೆಯ ವಿಷಯದಲ್ಲೂ ಧಾರಾಳವಾಗಿರಿ. ದಖನಿ ಮನೆಮಾತಿನವರು ಪಾತ್ರದ ಮಾತನ್ನು ದಖನಿಯಲ್ಲೇ ಆಡಲಿ, ಗ್ರಾಂಥಿಕ ಕನ್ನಡ ಬಾರದವರು ಮನೆಯ ಕನ್ನಡದಲ್ಲಿ ಆಡಲಿ. ಹುಡುಕಿ ಹುಡುಕಿ ಮಾತನಾಡುವವನು ಉಪಾಯ ಹೊಳೆದರೂ ನುಂಗಿಕೊಳ್ಳುತ್ತಾನೆ.

ಆಟ ಆರಂಭಿಸುವ ಮೊದಲಿನ ದಿನ ಆಡದೆ ಮಾತಿಗಷ್ಟೇ ಕೂರುವುದು ಒಳ್ಳೆಯದು. ಯಾವ ವಿಷಯಗಳು ಆಟದಲ್ಲಿ ಬರಬಾರದು, ಒಬ್ಬರ ಪಾತ್ರ ಇನ್ನೊಬ್ಬರ ಪಾತ್ರಕ್ಕೆ ಮೋಸ ಮಾಡಬಹುದೇ, ಎಷ್ಟು ಹೊತ್ತಿಗೆ ಏಳಬೇಕು ಎಂಬುದನ್ನು ಅಂದೇ ತೀರ್ಮಾನಿಸಿ. ಚಾಪೆಯ ನಡುವೆ ಗುಣಾಕಾರದ ಗುರುತು ಹಾಕಿದ ಒಂದು ಚೀಟಿ ಇಟ್ಟು, ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ದೃಶ್ಯವನ್ನು ಬಿಟ್ಟು ಮುಂದೆ ಹೋಗುವ ಪದ್ಧತಿಯನ್ನು ಹಲವು ದೇಶಗಳಲ್ಲಿ ಅನುಸರಿಸುತ್ತಾರೆ, ನಾವೂ ಅನುಸರಿಸುತ್ತೇವೆ. ಬೇಡ ಎನ್ನುವ ಅಧಿಕಾರವಿಲ್ಲದವನ ಹೌದಿಗೆ ಬೆಲೆ ಕಟ್ಟಲಾಗುವುದಿಲ್ಲ.

ಆಟ ಮುಗಿದ ರಾತ್ರಿ

ಪರಿಣಾಮ ಕಾಣಬೇಕಾದದ್ದು ಮುಂದಿನ ವಾರ, ಆದರೆ ಅದನ್ನು ಬರೆದಿಡಬೇಕಾದದ್ದು ಅದೇ ರಾತ್ರಿ. ಬೆಳಗಾದರೆ ಅರ್ಧ ಮರೆತಿರುತ್ತದೆ. ಆಟಗಾರರು ಏನು ಮಾಡಿದರು ಎಂಬುದರ ಎದುರಿಗೆ ಅದರಿಂದ ಯಾರಿಗೆ ಏನಾಯಿತು ಎಂದು ಒಂದೊಂದು ಸಾಲು ಬರೆಯಿರಿ: ನೀರು ಕುಡಿಸಿದ ಕಾವಲುಗಾರ ಅವರನ್ನು ನೆನಪಿಟ್ಟುಕೊಂಡಿದ್ದಾನೆ, ಊರು ದಾಟಿಸಿದ ಕುಶಲಕರ್ಮಿಯ ಮನೆಗೆ ಬೀಗ ಬಿದ್ದಿದೆ, ಅವನ ಹೆಂಡತಿ ತವರಿಗೆ ಹೋಗಿದ್ದಾಳೆ, ಮದರಸಾದ ಕಡೆಯಿಂದ ಬಂದ ಪಾತ್ರೆಗಳ ಬೇಡಿಕೆ ಹಾಗೇ ನಿಂತಿದೆ. ಮುಂದಿನ ಆಟವನ್ನು ಈ ಸಾಲುಗಳಲ್ಲಿ ಒಂದರಿಂದಲೇ ಆರಂಭಿಸಿ. ಯಾರಿಗೂ ದೊಡ್ಡದೆನಿಸದ ಒಂದು ತಂಬಿಗೆ ನೀರು ಮೂರು ವಾರಗಳ ನಂತರ ಕೋಟೆಯ ಬಾಗಿಲು ತೆರೆಸಿದಾಗ ಆಟಗಾರರ ಮುಖ ನೋಡಬೇಕು.

ಎದ್ದು ಹೋಗುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ: “ಮುಂದಿನ ವಾರ ಎಲ್ಲಿಗೆ ಹೋಗೂಣು?” ಎಲ್ಲರೂ ಒಪ್ಪಿದ ಜಾಗವನ್ನು ಬರೆದುಕೊಂಡು, ಅಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು ಎಂಬುದನ್ನಷ್ಟೇ ಸಿದ್ಧಪಡಿಸಿಕೊಳ್ಳಿ. ಮೂರು ವಾರದ ಕೆಲಸ ಒಂದು ಸಂಜೆಗೆ ಇಳಿಯುತ್ತದೆ. ಅಂದು ದಾಳ ಕೆಳಗಿಟ್ಟ ಹುಡುಗಿ ಈಗ ಯಾದಗಿರಿಯಲ್ಲಿ ತಾನೇ ಆಟ ನಡೆಸುತ್ತಾಳೆ; ಹೋದ ತಿಂಗಳು ಫೋನ್ ಮಾಡಿ, ಅವಳ ಆಟಗಾರರು ಸುರಂಗಕ್ಕೆ ಇಳಿಯಲೇ ಇಲ್ಲ, ಹೊಲದ ರೈತರ ಜೊತೆ ಕೂತು ಜೋಳ ಕೊಯ್ಯಲು ಕೈಜೋಡಿಸಿದ್ದಾರೆ, ಮುಂದೇನು ಸಿದ್ಧಮಾಡಲಿ ಎಂದು ಕೇಳಿದಳು. ಕೊಯ್ಲಿನ ರಾಶಿಗೆ ಯಾರು ಯಾರು ಪಾಲು ಕೇಳಲು ಬರುತ್ತಾರೆ ಎಂದು ಬರೆದುಕೋ ಎಂದೆ.